ಮತ್ತೋಡಿನಲ್ಲಿ ಮಲಗಿದ್ದ ಕಂಪ್ಯೂಟರ್

ಹೊಳಲ್ಕೆರೆ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ತಮ್ಮ ಕನಕನಿಗೆ,

ಹೇಗಿದ್ದೀಯಪ್ಪ? ಮೊಣಕಾಲಿನ ನೋವು ಕಡಿಮೆಯಾಯಿತೇ? ಕಳೆದ ಸಲ ಫೋನಿನಲ್ಲಿ ಕೇಳಿದರೆ ‘ಏನಿಲ್ಲ ಬಿಡಕ್ಕ’ ಅಂದುಬಿಟ್ಟೆ. ನಿನ್ನ ‘ಏನಿಲ್ಲ’ ಎಂಥದು ಅಂತ ನನಗೆ ಗೊತ್ತಿಲ್ಲವೇ? ಆರು ವರ್ಷದವನಿದ್ದಾಗ ಜಾಲಿ ಮುಳ್ಳು ತುಳಿದು, ಕಾಲು ಊದಿ ನೆಲಕ್ಕೆ ಊರಲಾಗದೆ ಇದ್ದಾಗಲೂ ಏನಿಲ್ಲ ಅಂದವನು ನೀನು. ಆವತ್ತು ನಿನ್ನನ್ನು ಸೊಂಟದ ಮೇಲೆ ಹೊತ್ತು ಹರಿಯಬ್ಬೆಯಿಂದ ಧರ್ಮಪುರದ ಆಸ್ಪತ್ರೆಗೆ ಹೋದವಳು ನಾನು, ದಾರಿಯುದ್ದಕ್ಕೂ ನನ್ನ ಜಡೆ ಎಳೆದವನು ನೀನು. ಆದ್ದರಿಂದ ಡಾಕ್ಟರಿಗೆ ತೋರಿಸು, ತೋರಿಸಿದ್ದನ್ನು ನನಗೆ ಬರೆ. ಹಿಮದಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡು ಓಡಾಡಬೇಡ. ಶೇಂಗಾ ಉಂಡೆ, ಹುಚ್ಚೆಳ್ಳು ಚಟ್ನಿಪುಡಿ ಬೇರೆ ಪಾರ್ಸಲ್‌ನಲ್ಲಿ ಕಳಿಸಿದ್ದೇನೆ. ಉಂಡೆಯನ್ನು ಜೊತೆಯವರಿಗೂ ಕೊಡು, ಆದರೆ ಡಬ್ಬಿಯನ್ನೇ ಅವರ ಮುಂದೆ ಇಡಬೇಡ. ಹೋದ ಸಲ ಹಾಗೆ ಮಾಡಿ ನಿನಗೆ ಸಿಕ್ಕಿದ್ದು ಎರಡೇ ಅಂತ ನೀನೇ ಹೇಳಿದ್ದೆ.

ನಾವೆಲ್ಲ ಚೆನ್ನಾಗಿದ್ದೇವೆ. ಹರಿಯಬ್ಬೆಯಲ್ಲಿ ಅವ್ವ ಗಟ್ಟಿಯಾಗಿದ್ದಾಳೆ, ಕಿವಿ ಮಾತ್ರ ತನಗೆ ಬೇಕಾದಾಗ ಕೇಳುತ್ತದೆ, ಬೇಡವಾದಾಗ ಕೇಳುವುದಿಲ್ಲ. ನಮ್ಮ ಮಾರುತೇಶನಿಗೆ ಈ ಸಲ ಈರುಳ್ಳಿ ಕೈಹಿಡಿದಿದೆ. ಕುರಿ ಈಗ ಮೂವತ್ತರ ಮೇಲಿವೆ, ಸರಿಯಾಗಿ ಎಷ್ಟು ಅಂತ ಕೇಳಿದರೆ ಅವನೂ ಅಪ್ಪನ ಹಾಗೆಯೇ ಆಕಾಶ ನೋಡುತ್ತಾನೆ. ಅವನ ಕೂಸಿಗೆ ಈಗ ನಾಲ್ಕನೇ ತಿಂಗಳು. ಬೋರಲು ಬೀಳುತ್ತಾನೆ, ಬಿದ್ದು ಮೇಲೇಳಲಾಗದೆ ಸಿಟ್ಟು ಮಾಡುತ್ತಾನೆ. ಆ ಸಿಟ್ಟು ಅಪ್ಪನದೇ ಅಂತ ಅವ್ವ ಊರಿಗೆಲ್ಲ ಹೇಳಿದ್ದಾಳೆ. ನಿನ್ನ ಭಾವ ಮಾರ್ಕೆಟ್ ಯಾರ್ಡಿನ ತೂಕದ ಕೆಲಸಕ್ಕೆ ಹೋಗಿ ಬರುತ್ತಾರೆ, ಎಂದಿನಂತೆ ದಿನಕ್ಕೆ ಹತ್ತು ಮಾತು. ನನ್ನ ಅಂಗನವಾಡಿಯಲ್ಲಿ ಈಗ ಇಪ್ಪತ್ತಾರು ಮಕ್ಕಳು. ಅವರ ತೂಕ ಎತ್ತರಗಳನ್ನೆಲ್ಲ ಫೋನಿನಲ್ಲಿ ತುಂಬಿ ತುಂಬಿ ನನ್ನ ಬೆರಳು ಸವೆದಿದೆ. ನಿನ್ನ ಮದುವೆಯ ವಿಷಯವನ್ನು ಈ ಪತ್ರದಲ್ಲಿ ಎತ್ತುವುದಿಲ್ಲ ಅಂತ ದೇವಿಕಾಗೆ ಮಾತು ಕೊಟ್ಟಿದ್ದೇನೆ, ಎತ್ತಿಲ್ಲ ನೋಡು.

ಈಗ ನಿಜವಾದ ಸಮಾಚಾರಕ್ಕೆ ಬರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡ, ಈಗ ಎಲ್ಲ ಸರಿಯಾಗಿದೆ. ನೀನು ಈ ತಿಂಗಳ ಕೊನೆಗೆ ಕೆಳಗಿನ ಕ್ಯಾಂಪಿಗೆ ಇಳಿದಾಗ ಕೇಳಬೇಕು ಅಂದಿದ್ದ ಅಪ್ಪನ ದನಿಯನ್ನು ನಾನು ಅಳಿಸಿಬಿಟ್ಟಿದ್ದೆ. ಯಾರೋ ಅಲ್ಲ, ನಾನೇ. ಒಂದು ಮನೆಯಲ್ಲಿ ಅಲ್ಲ, ಹೊಳಲ್ಕೆರೆ, ಚಿತ್ರದುರ್ಗ ಎರಡು ಕಡೆಯೂ ಒಂದೇ ಏಟಿಗೆ. ಅದು ಹೇಗೆ ಹೋಯಿತು, ಹೇಗೆ ಸಿಕ್ಕಿತು ಅನ್ನುವುದನ್ನು ಫೋನಿನ ಮೂರು ನಿಮಿಷದಲ್ಲಿ ಹೇಳಲಾಗುವುದಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ತಪ್ಪಿನಲ್ಲಿ ಅರ್ಧ ನಿನ್ನದೂ ಇದೆ ಅಂತ ನಾನು ಈಗಲೂ ಅನ್ನುತ್ತೇನೆ. ಹೋದ ವರ್ಷ ಬೇಸಿಗೆ ರಜೆಯಲ್ಲಿ ಬಂದವನು ‘ಹಟ್ಟಿ’ ಅಂತ ಒಂದು ಫೋಲ್ಡರ್ ಮಾಡಿದೆ. ನಮ್ಮ ಮನೆಯ ಕಂಪ್ಯೂಟರ್, ಚಿತ್ರದುರ್ಗದಲ್ಲಿರುವ ನನ್ನ ಮಗಳು ದೇವಿಕಾಳ ಲ್ಯಾಪ್‌ಟಾಪ್, ಮತ್ತೋಡಿನಲ್ಲಿ ನಮ್ಮ ರೇಣುಕಮ್ಮನ ಗಂಡ ರಂಗೇಶನ ಅಂಗಡಿಯ ಕಂಪ್ಯೂಟರ್, ಈ ಮೂರಕ್ಕೂ ಅದನ್ನು ಕೂಡಿಸಿದೆ. ಒಬ್ಬರು ಹಾಕಿದ್ದು ಕ್ಲೌಡಿಗೆ ಹೋಗಿ ಮೂರು ಮನೆಗೂ ತಾನಾಗಿಯೇ ಇಳಿಯುತ್ತದೆ ಅಂದೆ. ನಮಗೆಲ್ಲ ಎಷ್ಟು ಖುಷಿ! ಆದರೆ ಒಬ್ಬರು ತೆಗೆದದ್ದು ಮೂರು ಮನೆಯಿಂದಲೂ ತಾನಾಗಿಯೇ ಹೋಗುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅರ್ಧ ಪಾಠ ಮಾಡಿ ಗಂಟೆ ಹೊಡೆಸಿದ ಮೇಷ್ಟ್ರು ನೀನು.

ಆ ಫೋಲ್ಡರ್ ಎಷ್ಟು ತುಂಬಿಕೊಂಡಿತು ಅಂತ ನಿನಗೆ ಗೊತ್ತೇ ಇದೆ. ಮನೆತನದ ಹೆಸರುಗಳನ್ನು ಬರೆದಿಟ್ಟುಕೊಂಡು ಮನೆಬಾಗಿಲಿಗೆ ಬಂದು ಹಾಡಿ ಹೇಳುವ ಹೆಳವರ ಅಜ್ಜ ಬಂದಾಗ ಅವನ ಪುಸ್ತಕದ ಫೋಟೋ ತೆಗೆದು ಹಾಕಿದೆವು. ಅವ್ವನ ಬೀಸುವ ಪದ, ಮದುವೆ ಪತ್ರಿಕೆಗಳು, ಅಪ್ಪ ಕಂಬಳಿ ನೇಯುತ್ತಿರುವ ಒಂದೇ ಒಂದು ಫೋಟೋ. ಆಮೇಲೆ ಆ ಹಳೆಯ ರೇಷನ್ ಕಾರ್ಡು. ಅದನ್ನು ನೋಡಿದಾಗಲೆಲ್ಲ ನನಗೆ ನಗು ತಡೆಯಲಾಗುವುದಿಲ್ಲ. ನೀನಿನ್ನೂ ಕೈಗೂಸು. ಅಪ್ಪ ಮಂದೆ ಹೊಡೆದುಕೊಂಡು ಹೊಳೆಸಾಲಿನ ಕಡೆ ಹೋಗಿ ಎರಡು ತಿಂಗಳಾಗಿತ್ತು. ಕಾರ್ಡಿಗೆ ಹೆಸರು ಬರೆಯುವವನು ಬಂದು ಮನೆಯಲ್ಲಿ ಯಾರ‍್ಯಾರು ಅಂತ ಕೇಳಿದ. ಮಂದೆ ಹಿಂದೆ ಹೋದವರನ್ನು ಅವರು ಹಟ್ಟಿಗೆ ತಿರುಗಿ ಬರುವ ತನಕ ಎಣಿಕೆಯಲ್ಲಿ ಹೆಸರು ಹಿಡಿದು ಹೇಳಬಾರದು, ಹೇಳಿದರೆ ದಾರಿಯಲ್ಲಿ ಕಣ್ಣು ಬೀಳುತ್ತದೆ ಅನ್ನುವುದು ನಮ್ಮ ಹಟ್ಟಿಯ ನೇಮವಲ್ಲವೇ? ಅವ್ವ ತನ್ನ ಹೆಸರು, ನಮ್ಮ ನಾಲ್ವರ ಹೆಸರು ಹೇಳಿ ಬಾಯಿ ಮುಚ್ಚಿಕೊಂಡಳು. ಯಜಮಾನರು ಅಂತ ಅವನು ಎರಡು ಸಲ ಕೇಳಿದ, ಇವಳು ತುಟಿ ಬಿಚ್ಚಲಿಲ್ಲ. ಪಾಪ, ಆತ ಏನು ತಿಳಿದುಕೊಂಡನೋ, ದನಿ ತಗ್ಗಿಸಿ ಎದ್ದು ಹೋದ. ಮಳೆಗಾಲಕ್ಕೆ ಮುಂಚೆ ಅಪ್ಪ ಬಂದು ನೋಡಿದರೆ ಮನೆಯ ಕಾರ್ಡಿನಲ್ಲಿ ಯಜಮಾನನೇ ಇಲ್ಲ! ಅಪ್ಪ ಸಿಟ್ಟಾಗಲಿಲ್ಲ. ಅವ್ವ ಸರಿಯಾಗಿಯೇ ಮಾಡಿದ್ದಾಳೆ ಅಂತ ಹೇಳಿ, ಹೆಸರು ಸೇರಿಸಲು ತಾಲ್ಲೂಕು ಕಚೇರಿಗೆ ಒಂದು ವರ್ಷ ತಿರುಗಿದ.

ಇದನ್ನೆಲ್ಲ ಹೇಳುತ್ತಾ ಇನ್ನೊಂದನ್ನು ಮರೆಸಲು ನೋಡುತ್ತಿದ್ದೇನೆ ಅಂತ ನಿನಗೆ ಅನ್ನಿಸಬಹುದು. ಇಲ್ಲ, ಅದಕ್ಕೂ ಬರುತ್ತೇನೆ. ಹೋದ ವರ್ಷದ ದಸರೆ ರಜೆಯಲ್ಲಿ ದೇವಿಕಾ ಹರಿಯಬ್ಬೆಗೆ ಹೋಗಿ, ಕುರಿ ದೊಡ್ಡಿಯ ಕಟ್ಟೆಯ ಮೇಲೆ ಫೋನ್ ಇಟ್ಟು, ಅಪ್ಪನ ಬಾಯಿಂದ ಮನೆತನದ ಕಥೆಯನ್ನೆಲ್ಲ ಹೇಳಿಸಿ ರೆಕಾರ್ಡ್ ಮಾಡಿ, ‘ಚಿತ್ರಲಿಂಗಪ್ಪ’ ಅಂತ ಅಪ್ಪನ ಹೆಸರಿಟ್ಟು ಫೋಲ್ಡರಿಗೆ ಹಾಕಿದ್ದಳು. ಹಿರಿಯರು ಯಾವ ಕಡೆಯಿಂದ ಮಂದೆ ಹೊಡೆದುಕೊಂಡು ಬಂದರು, ಯಾವ ಬಾವಿಯ ನೀರು ಕುಡಿದು ಇಲ್ಲೇ ನಿಂತರು, ಒಂಬತ್ತು ತಲೆಮಾರಿನ ಹೆಸರು, ಎಲ್ಲ. ಕೊನೆಯಲ್ಲಿ ‘ನಾನು ಚಿತ್ರಲಿಂಗ. ನನ್ನ ಮಕ್ಳು ಏಕನಾಥಿ, ರೇಣುಕಿ, ಮಾರುತಿ’ ಅಂದು ನಿಲ್ಲಿಸಿಬಿಟ್ಟ. ‘ಅಜ್ಜ, ಕನಕ ಮಾವ?’ ಅಂತ ಅವಳು ಕೇಳಿದಳು. ಅಪ್ಪ ‘ಸಾಕು’ ಅಂದ. ಅಷ್ಟೇ. ಆ ‘ಸಾಕು’ ನಮ್ಮೆಲ್ಲರ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ನೀನು ಮಂದೆ ಬಿಟ್ಟು ಮಿಲಿಟರಿಗೆ ಸೇರಿದ ದಿನ ಅಪ್ಪ ಬಸ್ಸಿನ ತನಕ ಬಾರದೆ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದನ್ನು ನೀನು ಮರೆತಿರಲಿಲ್ಲ, ನಾವೂ ಮರೆತಿರಲಿಲ್ಲ. ಹದಿನಾಲ್ಕು ವರ್ಷವಾದರೂ ಅಪ್ಪನ ಸಿಟ್ಟು ಇಳಿದಿಲ್ಲ ಅಂತಲೇ ತಿಳಿದೆವು. ಆ ಹೆಸರುಗಳನ್ನು ದೇವಿಕಾ ಟೈಪ್ ಮಾಡುವಾಗ ನಾಲ್ಕನೆಯದಾಗಿ ನಿನ್ನ ಹೆಸರನ್ನು ತಾನೇ ಸೇರಿಸಿದ್ದಳು. ಅಪ್ಪ ಹೋದ ಹನ್ನೊಂದನೇ ದಿನ, ದಾರಿಯ ಹಿಮ ತೆರವಾಗಿ ನೀನು ಬಂದು ಮುಟ್ಟಿದೆಯಲ್ಲ, ಆವತ್ತು ನಮ್ಮ ಕಂಪ್ಯೂಟರಿನ ಮುಂದೆ ಕೂತು ಆ ಪಟ್ಟಿ ತೆರೆದು ನಿನ್ನ ಹೆಸರನ್ನು ನೀನೇ ಅಳಿಸಿದೆ. ‘ಅಪ್ಪ ಹೇಳ್ದಂಗೇ ಇರ್ಲಿ ಬಿಡಕ್ಕ’ ಅಂದೆ. ದನಿ ಕೇಳುತ್ತೀಯಾ ಅಂದರೆ ಬೇಡ ಅಂದೆ. ನಾನು ಅಡುಗೆಮನೆಗೆ ಹೋಗಿ ಅತ್ತೆ, ಹೇಳಿರಲಿಲ್ಲ ನಿನಗೆ.

ಇನ್ನು ನನ್ನ ತಪ್ಪು. ಗಣಪತಿ ಹಬ್ಬದ ಮಾರನೇ ವಾರ ಕೂಸಿಗೆ ಹೆಸರಿಟ್ಟೆವು. ಅಪ್ಪ ಹೋದ ಮೇಲೆ ಮನೆಯಲ್ಲಿ ಹುಟ್ಟಿದ ಮೊದಲ ಗಂಡು, ಹೆಸರು ಚಿತ್ರಲಿಂಗಪ್ಪ ಅನ್ನದೆ ಬೇರೇನು ಇಡಲು ಸಾಧ್ಯ? ಅವ್ವ ತೊಟ್ಟಿಲಿನ ಮೇಲೆ ಬಾಗಿ ‘ಹಳೆ ಚಿತ್ರಲಿಂಗನ ಜಾಗಕ್ಕೆ ಹೊಸ ಚಿತ್ರಲಿಂಗ ಬಂದವ್ನೆ’ ಅಂತ ಮೂರು ಸಲ ಹೇಳಿದಳು, ಹೆಂಗಸರು ಜೋಗುಳ ಹಾಡಿದರು. ಮಾರುತೇಶ ಅದನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ. ನಾನು ಮನೆಗೆ ಬಂದ ಮರುದಿನ ಅದಕ್ಕೆ ‘ಚಿತ್ರಲಿಂಗಪ್ಪ’ ಅಂತ ಹೆಸರಿಟ್ಟು ಫೋಲ್ಡರಿಗೆ ಹಾಕಲು ಹೋದೆ. ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು. ಈ ಹೆಸರಿನವರು ಇಲ್ಲಿ ಆಗಲೇ ಒಬ್ಬರಿದ್ದಾರೆ, ಅವರ ಜಾಗಕ್ಕೆ ಇವರನ್ನು ತರಲೇ, ಇಲ್ಲ ಇಬ್ಬರನ್ನೂ ಇಟ್ಟುಕೊಳ್ಳಲೇ ಅಂತ. ಅವ್ವ ತೊಟ್ಟಿಲ ಮುಂದೆ ಹೇಳಿದ ಮಾತು ಕಿವಿಯಲ್ಲಿ ಇನ್ನೂ ಇತ್ತು. ಅಂಗನವಾಡಿ ಫೋನಿನಲ್ಲಿ ಒಂದೇ ಮಗು ಎರಡು ಸಲ ಬಂದರೆ ಮೇಲಿನಿಂದ ಬೈಗುಳ ತಿಂದು ರೂಢಿಯಾದವಳು ಬೇರೆ. ಜಾಗಕ್ಕೆ ತರುವುದೇ ಸರಿ ಅಂತ ಒತ್ತಿದೆ. ಒತ್ತಿ, ಎಷ್ಟು ತಿಳಿದಿದೆ ಈ ಕಂಪ್ಯೂಟರಿಗೆ, ನಮ್ಮ ಶಾಸ್ತ್ರವನ್ನೂ ಕೇಳಿ ಮಾಡುತ್ತದಲ್ಲ ಅಂತ ಸಂತೋಷಪಟ್ಟೆ ಕಣೋ.

ಐವತ್ತು ದಿನ ಯಾರೂ ನೋಡಲಿಲ್ಲ. ದೀಪಾವಳಿ ಕಳೆದ ಭಾನುವಾರ ನಿನ್ನ ಫೋನ್ ಬಂತಲ್ಲ, ‘ತಿಂಗ್ಳ ಕೊನೆಗೆ ಕೆಳಗೆ ಇಳೀತೀನಿ ಅಕ್ಕ, ಅಲ್ಲಿ ನೆಟ್ ಐತೆ. ಅಪ್ಪನ ದನಿ ಒಂದ್ಸಲ ಕೇಳ್ಬೇಕು ಅನ್ನಿಸ್ತೈತೆ’ ಅಂದೆ. ಬೇಡ ಅಂದಿದ್ದವನು ತಾನಾಗಿ ಕೇಳಿದನಲ್ಲ ಅಂತ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆಯೇ, ಎಲ್ಲ ಸರಿಯಾಗಿ ಇದೆಯೋ ಅಂತ ತೆರೆದೆ. ಅಪ್ಪನ ಕೆಮ್ಮು ಬರಬೇಕಾದ ಕಡೆ ಜೋಗುಳ ಬಂತು. ಮತ್ತೆ ತೆರೆದೆ, ಮತ್ತೆ ಜೋಗುಳ. ದೇವಿಕಾಗೆ ಫೋನ್ ಮಾಡಿದೆ, ಅವಳು ಕಾಲೇಜಿನ ಲೈಬ್ರರಿ ಕೆಲಸದ ನಡುವೆಯೇ ಲ್ಯಾಪ್‌ಟಾಪ್ ತೆರೆದಳು, ಅಲ್ಲೂ ಜೋಗುಳ. ಹಳೆಯ ಪ್ರತಿಯನ್ನು ಕ್ಲೌಡ್ ಮೂವತ್ತು ದಿನ ಇಟ್ಟುಕೊಂಡಿರುತ್ತದಂತೆ, ಆಮೇಲೆ ಬಿಟ್ಟುಬಿಡುತ್ತದಂತೆ. ನಮಗೆ ಐವತ್ತಾಗಿತ್ತು. ಅವಳು ರೆಕಾರ್ಡ್ ಮಾಡಿದ್ದ ಫೋನು ಕುರಿಗೆ ನೀರು ಕುಡಿಸುವ ತೊಟ್ಟಿಗೆ ಬಿದ್ದು ಸತ್ತು ವರ್ಷವಾಗಿತ್ತು. ಹನ್ನೊಂದನೇ ದಿನಕ್ಕೆ ಬಂದು ಅಪ್ಪನ ಮುಖವನ್ನೇ ನೋಡದವನು ನೀನು, ಈಗ ದನಿಯನ್ನೂ ನಾನು ಇಲ್ಲದಂತೆ ಮಾಡಿದೆನಲ್ಲ ಅಂತ ಅನ್ನಿಸಿ ಆವತ್ತು ನನ್ನ ಕೈಗೆ ಕೆಲಸ ಹತ್ತಲಿಲ್ಲ. ಅಂಗನವಾಡಿ ಮಕ್ಕಳಿಗೆ ಉಪ್ಪಿಲ್ಲದ ಕಿಚಡಿ ಬಡಿಸಿದೆ. ಅವು ಅದನ್ನೂ ಉಂಡವು, ಪುಣ್ಯಾತ್ಮರು.

ಸಂಜೆ ನಿನ್ನ ಭಾವ ಬಂದರು. ಎಲ್ಲ ಕೇಳಿಸಿಕೊಂಡು, ಟೀ ಕುಡಿದು, ಲೋಟ ಕೆಳಗಿಟ್ಟು ತಮ್ಮ ಹತ್ತು ಮಾತಿನಲ್ಲಿ ಒಂದನ್ನು ಆಡಿದರು. ರಂಗೇಶ ಸಂಕ್ರಾಂತಿಗೇ ಅಂಗಡಿ ಮುಚ್ಚಿ ಕಂಪ್ಯೂಟರನ್ನು ಮನೆಗೆ ತಂದಿಟ್ಟನಲ್ಲ, ಅದನ್ನು ಆಮೇಲೆ ಯಾರಾದರೂ ಆನ್ ಮಾಡಿದ್ದಾರೆಯೇ ಅಂತ. ನನಗೆ ಅದರ ಅರ್ಥ ಆಗಲಿಲ್ಲ, ಫೋನಿನಲ್ಲಿದ್ದ ದೇವಿಕಾಗೆ ಆಯಿತು. ಮಲಗಿದ್ದ ಕಂಪ್ಯೂಟರಿಗೆ ನಮ್ಮ ತಪ್ಪು ಇನ್ನೂ ಗೊತ್ತಾಗಿರುವುದಿಲ್ಲ, ಅದರೊಳಗೆ ಅಜ್ಜ ಹಾಗೆಯೇ ಇರುತ್ತಾನೆ ಅಂದಳು. ಆದರೆ ನೆಟ್ ಇದ್ದಾಗ ಅದನ್ನು ಆನ್ ಮಾಡಿದರೆ ಎದ್ದ ತಕ್ಷಣ ಕ್ಲೌಡನ್ನು ಕೇಳಿ, ಅಜ್ಜನನ್ನು ತೆಗೆದು ಜೋಗುಳ ಇಟ್ಟುಕೊಳ್ಳುತ್ತದೆ. ರಂಗೇಶನ ಮನೆಯಲ್ಲಿ ವೈಫೈ ಇದೆ. ಮಂಗಳವಾರ ಬೆಳಿಗ್ಗೆ ಎದ್ದವಳೇ ಅವನಿಗೆ ಫೋನ್ ಮಾಡಿದೆ. ಅವನು ಹೇಗೆ ಅಂತ ಗೊತ್ತಲ್ಲ, ಪೂರ್ತಿ ಕೇಳುವ ಮೊದಲೇ ಸಹಾಯಕ್ಕೆ ನಿಂತುಬಿಡುತ್ತಾನೆ. ‘ನಮ್ ಕಂಪ್ಯೂಟರ್‌ನಾಗೆ ಐತಾ? ತಡೀರಿ ಅಕ್ಕಾರೆ, ಈಗ್ಲೇ ಆನ್ ಮಾಡಿ ನೋಡ್ತೀನಿ’ ಅಂದ. ಬೇಡ ಬೇಡ ಅಂತ ನಾನು ಕೂಗುವಷ್ಟರಲ್ಲಿ ಲೈನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್. ರೇಣುಕಮ್ಮನ ಫೋನು ಎಂದಿನಂತೆ ಎತ್ತಲಿಲ್ಲ.

ಸಹಾಯಕಿಗೆ ಮಕ್ಕಳನ್ನು ಒಪ್ಪಿಸಿ ಬಸ್‌ ಸ್ಟ್ಯಾಂಡಿಗೆ ಓಡಿದೆ. ಚಿತ್ರದುರ್ಗದಿಂದ ಬಂದ ಹೊಸದುರ್ಗದ ಬಸ್ಸಿನಲ್ಲಿ ದೇವಿಕಾ ನನಗೆ ಸೀಟು ಹಿಡಿದಿದ್ದಳು. ದಾರಿಯಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತಾ ಕೂತಿದ್ದೆ. ಎಷ್ಟು ಗಾಳಿ, ಎಷ್ಟು ಕರೆಂಟು, ಆ ಕರೆಂಟು ಇವತ್ತು ಒಂದು ದಿನ ಮತ್ತೋಡಿಗೆ ಹೋಗದಿರಲಿ ಅಂತ ಬೇಡಿಕೊಂಡೆ. ಹೊಸದುರ್ಗದಲ್ಲಿ ಮತ್ತೋಡಿನ ಬಸ್ಸು ಒಂದೂವರೆ ಗಂಟೆ ಬರಲಿಲ್ಲ. ದೇವಿಕಾ ಎರಡು ಬಾಳೆಹಣ್ಣು ತಂದುಕೊಟ್ಟಳು, ನಾನು ಬ್ಯಾಗಿಗೆ ಹಾಕಿಕೊಂಡೆ. ಅಮ್ಮ, ನೀನು ಬೇಕು ಅಂತ ಮಾಡಿದ್ದಲ್ಲವಲ್ಲ ಅಂತ ಅವಳು ಅಂದಾಗ ಮಾತ್ರ ನನಗೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಊರಿನಲ್ಲಿ ಯಾರು ಹೋದರವ್ವ ಅಂತ ಕೇಳಿದಳು. ನಮ್ಮಪ್ಪ ಅಂದೆ. ಸುಳ್ಳೇನಲ್ಲವಲ್ಲ.

ಮತ್ತೋಡಿನಲ್ಲಿ ಇಳಿದು ರೇಣುಕಮ್ಮನ ಮನೆಗೆ ಹೋಗುವಷ್ಟರಲ್ಲಿ ಎರಡೂವರೆ. ರಂಗೇಶ ಬಾಗಿಲ ಎದುರೇ ಕುರ್ಚಿ ಹಾಕಿಕೊಂಡು, ಕಂಪ್ಯೂಟರಿನ ಮೇಲಿದ್ದ ಬಟ್ಟೆ ತೆಗೆದು, ವೈರುಗಳನ್ನೆಲ್ಲ ಜೋಡಿಸಿ, ಸ್ವಿಚ್ಚುಗಳನ್ನೂ ಹಾಕಿ ಕೂತಿದ್ದ. ‘ಬರ್ರಿ ಅಕ್ಕಾರೆ, ಕುಂತ್ಕಳ್ರಿ’ ಅಂದ. ‘ಬೆಳಿಗ್ಗೆಯಿಂದ ಕರೆಂಟಿಲ್ಲ, ಫೋನೂ ಚಾರ್ಜಿಲ್ದೆ ಸತ್ತೈತೆ. ಮೂರಕ್ಕೆ ಬರ್ತೈತಂತೆ. ಬಂದಿದ್ದೇ ತಡ, ಇದು ತಾನೇ ಆನ್ ಆಗ್ತೈತೆ.’ ದೇವಿಕಾ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಗೋಡೆಯ ಮೇಲಿದ್ದ ವೈಫೈ ಪೆಟ್ಟಿಗೆಯ ಪ್ಲಗ್ ಕಿತ್ತು, ಪೆಟ್ಟಿಗೆಯನ್ನೇ ಬಿಚ್ಚಿ ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಜಿಪ್ ಎಳೆದಳು. ರಂಗೇಶನಿಗೆ ದಿಕ್ಕೇ ತೋಚಲಿಲ್ಲ. ನೀರು ತಂದ ರೇಣುಕಮ್ಮ ನನ್ನ ಮುಖ ನೋಡಿ ಲೋಟವನ್ನು ತಾನೇ ಕುಡಿದಳು. ಮೂರು ಗಂಟೆಗೆ ಐದು ನಿಮಿಷ ಇರುವಾಗ ಕರೆಂಟು ಬಂತು.

ಹತ್ತು ತಿಂಗಳು ಮಲಗಿದ್ದ ಯಂತ್ರ ಹಿಟ್ಟಿನ ಗಿರಣಿಯಷ್ಟು ಸದ್ದು ಮಾಡುತ್ತಾ ಎದ್ದಿತು. ‘ಹಟ್ಟಿ’ ಇತ್ತು. ಹಟ್ಟಿಯೊಳಗೆ ‘ಚಿತ್ರಲಿಂಗಪ್ಪ’ ಇದ್ದ, ಪಕ್ಕದಲ್ಲಿ ಹೋದ ವರ್ಷದ ದಸರೆಯ ತಾರೀಖು. ದೇವಿಕಾ ಮೊದಲು ಎರಡು ಪೆನ್‌ಡ್ರೈವಿಗೆ ಅದನ್ನು ಇಳಿಸಿಕೊಂಡಳು, ಆಮೇಲೆ ತೆರೆದಳು. ಅಪ್ಪ ಕೆಮ್ಮಿದ. ಕೆಮ್ಮಿ, ‘ಏನವ್ವ, ಶುರು ಮಾಡ್ಲಾ?’ ಅಂದ. ಕನಕ, ಆ ಕೆಮ್ಮು ಕೇಳಿ ನಾನು, ರೇಣುಕಮ್ಮ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ರಂಗೇಶ ತಾನು ಏನೋ ಕೆಡಿಸಿದೆ ಅಂತ ತಿಳಿದು ಮೌಸಿನಿಂದ ಕೈ ತೆಗೆದು ದೂರ ನಿಂತ.

ಆಗಲೇ ದೇವಿಕಾ ಒಂದು ವಿಷಯ ಕಂಡುಹಿಡಿದಳು. ಅವಳಲ್ಲಿದ್ದ ರೆಕಾರ್ಡು ನಲವತ್ತೊಂದು ನಿಮಿಷದ್ದು, ಇದು ಐವತ್ತಮೂರು. ಈ ವರ್ಷ ಯುಗಾದಿ ಹೊತ್ತಿಗೆ ಕ್ಲೌಡಿನಲ್ಲಿ ಜಾಗ ಸಾಲದೆ ಬಂದಾಗ ಅವಳು ಫೈಲುಗಳನ್ನೆಲ್ಲ ಸಣ್ಣ ಮಾಡಿದ್ದಳಂತೆ. ಇದರಲ್ಲಿ ಅಪ್ಪ ‘ಸಾಕು’ ಅಂದ ಮೇಲೆ ಇರುವುದು ಬರೀ ಕುರಿಗಳ ಸದ್ದು ಅಂತ ಬಾಲವನ್ನು ಕತ್ತರಿಸಿದ್ದಳಂತೆ. ಆವತ್ತು ಅಜ್ಜನಿಗೆ ಸಿಟ್ಟು ಬಂತು ಅಂತ ಹೆದರಿ, ಫೋನ್ ಆಫ್ ಮಾಡುವುದನ್ನೂ ಮರೆತು ಒಳಗೆ ಹೋಗಿದ್ದಳು. ಅದು ಕಟ್ಟೆಯ ಮೇಲೆ ಹನ್ನೆರಡು ನಿಮಿಷ ತಾನೇ ಕೇಳಿಸಿಕೊಳ್ಳುತ್ತಾ ಕೂತಿತ್ತು. ರಂಗೇಶನ ಕಂಪ್ಯೂಟರ್ ಅದಕ್ಕೆ ಮುಂಚೆಯೇ ಮಲಗಿದ್ದರಿಂದ ಅದರಲ್ಲಿ ಮಾತ್ರ ಪೂರ್ತಿ ಉಳಿದುಕೊಂಡಿದೆ. ನಲವತ್ತೊಂದನೇ ನಿಮಿಷ ಆದ ಮೇಲೆ ರೇಣುಕಮ್ಮ ಟೀ ಇಡಲು ಎದ್ದಳು, ನಾನೂ ಎದ್ದೆ. ನಿಲ್ಲಿಸಲು ಯಾರಿಗೂ ಮನಸ್ಸಾಗದೆ ಅದು ಓಡುತ್ತಲೇ ಇತ್ತು. ಕುರಿಗಳು ಅರಚಿದವು, ಗಂಟೆ ಸದ್ದಾಯಿತು, ದೊಡ್ಡಿಯ ಬಾಗಿಲು ಕಿರುಗುಟ್ಟಿತು. ಅಷ್ಟರಲ್ಲಿ ಅಪ್ಪನ ದನಿ ಮತ್ತೆ ಬಂತು. ಆಮೇಲೆ ಒಲೆಯ ಮೇಲಿದ್ದ ಟೀ ಉಕ್ಕಿ ಹೋದರೂ ನಾವು ಯಾರೂ ಏಳಲಿಲ್ಲ. ಏನು ಹೇಳಿದ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದು ನಿನಗೆ ಸೇರಿದ್ದು, ನೀನೇ ಅಪ್ಪನ ಬಾಯಿಂದ ಕೇಳಬೇಕು.

ಈಗ ಎಲ್ಲ ವ್ಯವಸ್ಥೆಯಾಗಿದೆ. ಕ್ಲೌಡಿನಲ್ಲಿ ಒಂದು ‘ಚಿತ್ರಲಿಂಗಪ್ಪ ಅಜ್ಜ’, ಇನ್ನೊಂದು ‘ಚಿತ್ರಲಿಂಗಪ್ಪ ಕೂಸು’. ಇಬ್ಬರೂ ಪಕ್ಕಪಕ್ಕದಲ್ಲೇ ಇದ್ದಾರೆ, ಯಾರೂ ಯಾರ ಜಾಗಕ್ಕೂ ಬರುವುದಿಲ್ಲ. ಒಂದು ಪೆನ್‌ಡ್ರೈವ್ ದೇವಿಕಾಳ ಹತ್ತಿರ ಇದೆ. ಇನ್ನೊಂದನ್ನು ಹರಿಯಬ್ಬೆಗೆ ಒಯ್ದು ಅವ್ವನ ಟ್ರಂಕಿನಲ್ಲಿ ಇಟ್ಟು ಬಂದೆ, ಅವ್ವ ಅದಕ್ಕೆ ಕುಂಕುಮ ಹಚ್ಚಿದ್ದಾಳೆ. ರಂಗೇಶನಿಗೆ ಅವನ ವೈಫೈ ಪೆಟ್ಟಿಗೆ ಎರಡು ದಿನ ಬಿಟ್ಟು ವಾಪಸ್ಸು ಸಿಕ್ಕಿತು, ದೇವಿಕಾ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಚಿತ್ರದುರ್ಗಕ್ಕೆ ಹೋಗಿಬಿಟ್ಟಿದ್ದಳು! ಅವನ ಕಂಪ್ಯೂಟರಿನಿಂದ ನೆಟ್ಟಿನ ಸಂಬಂಧವನ್ನೇ ತೆಗೆಸಿದ್ದೇವೆ. ಮೂರರಲ್ಲಿ ಒಂದು ಯಾವಾಗಲೂ ಮಲಗಿರಲಿ ಅಂತ ನಿನ್ನ ಭಾವ ಹೇಳಿದರು, ಅದು ಈ ವಿಷಯದಲ್ಲಿ ಅವರ ಎರಡನೇ ಮಾತು. ನನಗೆ ಈಗ ಹೊಟ್ಟೆ ತುಂಬಾ ಉಂಡ ಹಾಗಿದೆ ಕನಕ. ತಪ್ಪು ಮಾಡಿದ್ದಕ್ಕೆ ಬೇಜಾರಿದೆ, ಮಾಡದೆ ಇದ್ದಿದ್ದರೆ ಆ ಹನ್ನೆರಡು ನಿಮಿಷ ಯಾರಿಗೂ ಸಿಗುತ್ತಿರಲಿಲ್ಲವಲ್ಲ ಅಂತ ಸಮಾಧಾನವೂ ಇದೆ.

ಕೆಳಗೆ ಇಳಿದ ಮೇಲೆ ಮೊದಲು ಬಿಸಿನೀರು ಸ್ನಾನ ಮಾಡು, ಊಟ ಮಾಡು, ಆಮೇಲೆ ನಿನ್ನ ಹತ್ತಿರ ಇರುವ ಅಪ್ಪ ನೇಯ್ದ ಕಂಬಳಿ ಹೊದ್ದು ಕೂತು ಕೇಳು. ನಲವತ್ತೊಂದನೇ ನಿಮಿಷಕ್ಕೆ ಎದ್ದು ಹೋಗಬೇಡ. ಅವ್ವ ನಿನ್ನ ತಲೆ ಸವರಿದ್ದೇನೆ ಅಂತ ಬರೆಯಲು ಹೇಳಿದ್ದಾಳೆ. ನಿನ್ನ ಭಾವ, ರೇಣುಕಮ್ಮ, ರಂಗೇಶ, ಮಾರುತೇಶ ಎಲ್ಲರೂ ಕೇಳಿದ್ದಾರೆ, ದೇವಿಕಾ ನಮಸ್ಕಾರ ಹೇಳಿದ್ದಾಳೆ, ಕೂಸು ಒಂದು ಸಲ ಸಿಟ್ಟು ಮಾಡಿದ್ದಾನೆ. ಬೀರೇದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನನ್ನು ಸೊಂಟದ ಮೇಲೆ ಹೊತ್ತ
ಅಕ್ಕ,
ಏಕನಾಥಮ್ಮ

ಮರೆತ ಮಾತು: ಕವರ್ ಅಂಟಿಸುವ ಮುಂಚೆ ನಿನ್ನ ಭಾವ ಪತ್ರ ಓದಿ, ಅಲ್ಲಿಯೂ ನೆಟ್ ಸಿಗದೆ ಹೋದರೆ ಅಂತ ಕೇಳಿದರು. ಅದು ಹೌದು. ಆದ್ದರಿಂದ ಬರೆದೇ ಬಿಡುತ್ತೇನೆ, ಪೋಸ್ಟಿನ ಹೊತ್ತಾಗುತ್ತಿದೆ. ನಮ್ಮ ಮುದಿ ಕುರಿ ಬೆಳ್ಳಿ ಇತ್ತಲ್ಲ, ಅಪ್ಪ ಅದನ್ನು ಕಟ್ಟುತ್ತಾ ಅದರ ಜೊತೆ ಮಾತಾಡಿದ್ದಾನೆ. ‘ನೋಡ್ದೇನವ್ವ ಬೆಳ್ಳಿ, ದೇವಿ ಮಖ ಸಣ್ಣದು ಮಾಡ್ಕಂಡು ಒಳಕ್ಕೋತು. ಚಿಕ್ಕೋನ್ನ ಯಾಕೆ ಬಿಟ್ಟೆ ಅಂತಾಳೆ. ಮಂದೆ ಹಿಂದೆ ಹೋದೋನ ಹೆಸ್ರು ಹಟ್ಟಿಗೆ ಬರಾ ಗಂಟ ಎಣಿಕೆಗೆ ಇಡಬಾರ್ದು ಅಂತ ಆ ಕೂಸಿಗೇನು ಗೊತ್ತು? ಭಾಳ ದೂರ ಹೋಗವ್ನೆ. ಬರ್ಲಿ. ಬಂದ ಮ್ಯಾಲೆ ಒಂದೇ ಉಸಿರಿಗೆ ನಾಲ್ಕೂ ಹೇಳ್ತೀನಿ.’ ಅಷ್ಟೇ ಕನಕ. ನೀನು ಮಂದೆ ಬಿಟ್ಟು ಹೋದವನು ಅಂತ ನಾವೆಲ್ಲ ತಿಳಿದಿದ್ದೆವು. ಅಪ್ಪ ಮಾತ್ರ ನಿನ್ನನ್ನು ಮಂದೆ ಹಿಂದೆ ಹೋದವನು ಅಂತಲೇ ಇಟ್ಟುಕೊಂಡಿದ್ದ. ದೇವಿಕಾ ಆವತ್ತೇ ಪಟ್ಟಿಗೆ ನಿನ್ನ ಹೆಸರು ಸೇರಿಸಲು ಹೊರಟಳು, ನಾನು ತಡೆದೆ. ನಮ್ಮ ಮೂವರ ಹೆಸರಿನ ಕೆಳಗೆ ನಾಲ್ಕನೇ ಸಾಲನ್ನು ಖಾಲಿ ಬಿಡಿಸಿದ್ದೇನೆ. ನೀನು ಅಲ್ಲಿಂದ ಅದನ್ನು ತುಂಬಬೇಡ, ಅಳಿಸಲೂ ಬೇಡ. ಹಟ್ಟಿಗೆ ಬಾ. ಅವ್ವ ಹೇಳುತ್ತಾಳೆ, ನಾನು ಬರೆಯುತ್ತೇನೆ.